ಯಜಮಾನರು ಊರಲ್ಲಿಲ್ಲದ ದಿನವೂ ಕೆಲಸ ನಡೆಯಬೇಕು

ಈ ಸಲದ ಟಪಾಲಿನಲ್ಲಿ ತೆರಿಗೆಯ ಪ್ರಶ್ನೆಗಳಿಗಿಂತ ವ್ಯವಸ್ಥೆಯ ಪ್ರಶ್ನೆಗಳೇ ಹೆಚ್ಚು. ಸಾಫ್ಟ್‌ವೇರ್ ತಂದೆವು, ಗೋಡೆಗೆ ಬೋರ್ಡ್ ಹಾಕಿದೆವು, ಸೋಮವಾರ ಸೋಮವಾರ ಸಭೆ ಮಾಡಿದೆವು, ಆದರೂ ಎಲ್ಲದಕ್ಕೂ ನಾನೇ ಬೇಕು ಎನ್ನುವ ದೂರು ಬೆಳಗಾವಿಯಿಂದಲೂ ಬಂದಿದೆ, ದಾವಣಗೆರೆಯಿಂದಲೂ ಬಂದಿದೆ. ಹುಬ್ಬಳ್ಳಿಯಲ್ಲಿ ಕುಳಿತು ಸಣ್ಣ ಉದ್ದಿಮೆಗಳ ವೆಚ್ಚದ ಲೆಕ್ಕ ನೋಡುವುದು ನನ್ನ ಕಸುಬು. ಹಾಗಾಗಿ ಇಲ್ಲಿ ಸಿದ್ಧಾಂತಕ್ಕಿಂತ ಗೋದಾಮಿನ ಧೂಳೇ ಹೆಚ್ಚು ಸಿಗುತ್ತದೆ. ಪತ್ರಗಳನ್ನು ಮೊಟಕುಗೊಳಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಎರಕದ ಬಿಡಿಭಾಗಗಳನ್ನು ಫೌಂಡ್ರಿಯಿಂದ ತಂದು, ಯಂತ್ರದಲ್ಲಿ ಕಡೆದು ಪಂಪ್ ತಯಾರಕರಿಗೆ ಕೊಡುವ ಘಟಕ ನಮ್ಮದು. 28 ಕೆಲಸಗಾರರಿದ್ದಾರೆ. ಕಳೆದ ವರ್ಷ ನಾಲ್ಕು ಲಕ್ಷ ರೂಪಾಯಿ ಕೊಟ್ಟು, ಸ್ಟೋರ್, ಖರೀದಿ, ಉತ್ಪಾದನೆಯ ಲೆಕ್ಕವನ್ನೆಲ್ಲ ಒಟ್ಟಿಗೆ ಇಡುವ ಸಾಫ್ಟ್‌ವೇರ್ ಆದ ಇಆರ್‌ಪಿ ಹಾಕಿಸಿದೆ. ಈಗ ಕಂಪ್ಯೂಟರ್ 400 ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಇವೆ ಎನ್ನುತ್ತದೆ, ಸ್ಟೋರ್‌ನಲ್ಲಿ ಎಣಿಸಿದರೆ 260 ಸಿಗುತ್ತವೆ. ನಿಮ್ಮ ಜನ ಸರಿಯಾಗಿ ಎಂಟ್ರಿ ಮಾಡುವುದಿಲ್ಲ ಎಂದು ಸಾಫ್ಟ್‌ವೇರ್‌ನವರು ಹೇಳುತ್ತಾರೆ. ಬೇರೆ ಸಾಫ್ಟ್‌ವೇರ್ ಕೊಳ್ಳಲೇ? — ಉದ್ಯಮಬಾಗ, ಬೆಳಗಾವಿ

ಉತ್ತರ: ಬೇಡ. ಹೊಸದಕ್ಕೆ ಕೊಡುವ ದುಡ್ಡನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಇಡಿ.

ಆ 140 ಇಂಪೆಲ್ಲರ್ ಎಲ್ಲಿ ಹೋದವು ಎಂದು ಮೊದಲು ಹುಡುಕೋಣ. ಕಳ್ಳತನ ಎಂದು ನಿಮ್ಮ ಮನಸ್ಸಿಗೆ ಬಂದಿರಬಹುದು. ನಾನು ನೋಡಿದ ಮಟ್ಟಿಗೆ ಅದು ಕೊನೆಯ ಕಾರಣ. ಒಂದಷ್ಟು ಗ್ರೈಂಡಿಂಗ್ ಯಂತ್ರದ ಹಿಂದಿನ ರಾಶಿಯಲ್ಲಿ, ಹೊರಮೈ ಕಡೆದಾಗ ಗಾಳಿಗುಳ್ಳೆ ಕಂಡು ಎಸೆದವುಗಳ ಜೊತೆ ಬಿದ್ದಿರುತ್ತವೆ. ಒಂದಷ್ಟು ಬ್ಯಾಲೆನ್ಸಿಂಗ್‌ಗೆಂದು (ತಿರುಗುವಾಗ ಅದುರದಂತೆ ತೂಕ ಸರಿಪಡಿಸಲು) ಪಕ್ಕದ ಬೀದಿಯ ಘಟಕಕ್ಕೆ, ಮಾಲಿನ ಜೊತೆ ಹೋಗಬೇಕಾದ ಚಲನ್ ಇಲ್ಲದೆ ಹೋಗಿರುತ್ತವೆ. ಇನ್ನೊಂದಷ್ಟು ಲೇತ್‌ನ ಕೆಳಗಿನ ಡಬ್ಬಿಯಲ್ಲಿ ಅರ್ಧ ಕೆಲಸವಾಗಿ ಕುಳಿತಿರುತ್ತವೆ. ಉಳಿದವನ್ನು, ಬೇಸರಿಸಬೇಡಿ, ನೀವೇ ಗಿರಾಕಿಯ ಫೋನ್ ಬಂದಾಗ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿರುತ್ತೀರಿ. ಇಷ್ಟನ್ನೂ ಯಾರೂ ಎಲ್ಲಿಯೂ ಬರೆದಿಲ್ಲ. ಬರೆಯದಿರುವುದನ್ನು ಯಾವ ಸಾಫ್ಟ್‌ವೇರ್ ತಾನೇ ಊಹಿಸೀತು?

ಆದ್ದರಿಂದ ಒಂದೂವರೆ–ಎರಡು ತಿಂಗಳು ಕಂಪ್ಯೂಟರ್ ಮರೆತು ಜಾಬ್ ಕಾರ್ಡ್ ಹಿಡಿಯಿರಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ದಪ್ಪ ಹಳದಿ ಕಾಗದ, ಮೂಲೆಯಲ್ಲಿ ಒಂದು ತೂತು, ಅದರೊಳಗೆ ಬೈಂಡಿಂಗ್ ತಂತಿ. ಪ್ರತಿ ಕ್ರೇಟಿಗೆ ಒಂದು ಕಾರ್ಡ್ ಕಟ್ಟಬೇಕು. ಮೇಲ್ಭಾಗದಲ್ಲಿ ಬಿಡಿಭಾಗದ ಹೆಸರು, ಆರ್ಡರ್ ಸಂಖ್ಯೆ, ಫೌಂಡ್ರಿಯ ಹೀಟ್ ನಂಬರ್ (ಒಂದೇ ಸಲ ಕರಗಿಸಿ ಸುರಿದ ಲೋಹಕ್ಕೆ ಅವರು ಕೊಡುವ ಸಂಖ್ಯೆ), ಸ್ಟೋರ್‌ನಿಂದ ಹೊರಟ ಸಂಖ್ಯೆ. ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು: ಟರ್ನಿಂಗ್, ಡ್ರಿಲ್ಲಿಂಗ್, ಕೀ ಸ್ಲಾಟ್, ಬ್ಯಾಲೆನ್ಸಿಂಗ್. ಪ್ರತಿ ಸಾಲಿನಲ್ಲೂ ಬಂದದ್ದೆಷ್ಟು, ಸರಿಯಾದದ್ದೆಷ್ಟು, ಕೆಟ್ಟದ್ದೆಷ್ಟು, ಏಕೆ ಕೆಟ್ಟಿತು, ಯಾರ ಸಹಿ. ಏಕೆ ಎಂಬುದಕ್ಕೆ ನಿಬಂಧ ಬರೆಸಬೇಡಿ. ಗಾಳಿಗುಳ್ಳೆ, ಮರಳು, ಅಳತೆ ತಪ್ಪು, ಬಿದ್ದು ಒಡೆದದ್ದು ಎಂದು ನಾಲ್ಕು ಗುರುತು ಸಾಕು, ಟಿಕ್ ಹಾಕಿದರೆ ಆಯಿತು. ಎಣ್ಣೆಗೈಯಲ್ಲಿ ಪೆನ್ನು ಹಿಡಿಯುವವರಿಂದ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಕಾರ್ಡ್ ಇಲ್ಲದ ಕ್ರೇಟನ್ನು ಮುಂದಿನ ಯಂತ್ರದವನು ಮುಟ್ಟಬಾರದು, ಸ್ಟೋರ್‌ನವನು ಒಳಗೆ ಸೇರಿಸಬಾರದು.

ಗಾಳಿಗುಳ್ಳೆ ಮತ್ತು ಹೀಟ್ ನಂಬರ್ ಒಂದೇ ಕಾರ್ಡಿನಲ್ಲಿ ಬಂದರೆ ಸಿಗುವ ಲಾಭ ಸಣ್ಣದಲ್ಲ. ಎರಕದೊಳಗಿನ ಗುಳ್ಳೆ ಮೇಲಿಂದ ಕಾಣುವುದಿಲ್ಲ, ಕಡೆದ ಮೇಲೆಯೇ ಬಾಯಿ ತೆರೆಯುತ್ತದೆ. ಅಷ್ಟರಲ್ಲಿ ನಿಮ್ಮ ಯಂತ್ರದ ಸಮಯ, ವಿದ್ಯುತ್ತು, ಟೂಲ್‌ನ ಸವೆತ ಎಲ್ಲವೂ ಖರ್ಚಾಗಿರುತ್ತವೆ. ಇಂಥ ಹೀಟ್‌ನ 60ರಲ್ಲಿ 11 ತುಂಡು ಹೋಯಿತು ಎಂದು ದಿನಾಂಕ ಸಮೇತ ತೋರಿಸಿದರೆ ಫೌಂಡ್ರಿಯವರು ಎರಕದ ಬೆಲೆಯನ್ನು ಕೊಟ್ಟಾರು, ಕಡೆದ ಕೂಲಿಯ ಮಾತನ್ನಾದರೂ ಆಡಿಯಾರು. ಕೆಟ್ಟ ರಾಶಿಯನ್ನು ಬರಿದೇ ತೋರಿಸಿದರೆ ನಿಮ್ಮ ಟೂಲೇ ಸರಿಯಿಲ್ಲ ಎಂದು ನಿಮ್ಮನ್ನೇ ಮನೆಗೆ ಕಳಿಸುತ್ತಾರೆ. ಕೆಲಸಕ್ಕೆಂದು ಹೊರಗೆ ಕಳಿಸುವ ಮಾಲಿಗೂ ಇದೇ ಶಿಸ್ತು ಬೇಕು. ಜಿಎಸ್‌ಟಿ ಕಾನೂನಿನಲ್ಲಿ ಡೆಲಿವರಿ ಚಲನ್ ಇಲ್ಲದೆ ಅದು ಹೊರಡುವಂತಿಲ್ಲ, ಒಂದು ವರ್ಷದೊಳಗೆ ಮರಳಿ ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಎಂದು ಲೆಕ್ಕ ಹಿಡಿಯುತ್ತಾರೆ.

ಕಾಗದದ ಕಾರ್ಡು ಹಳೆಯ ಕಾಲದ್ದು ಎಂದು ನಿಮ್ಮ ಮಗ ನಕ್ಕರೆ ಟೊಯೋಟಾದ ಮಾತು ಹೇಳಿ. ಅಲ್ಲಿ ತಾಯಿಚಿ ಓನೊ ಕಟ್ಟಿದ ಕಾನ್‌ಬಾನ್ ಪದ್ಧತಿ ಎಂದರೆ ಡಬ್ಬಿಯ ಜೊತೆ ಓಡಾಡುವ ಚೀಟಿಯೇ. ಮುಂದಿನವನಿಗೆ ಬೇಕಾದಾಗ ಚೀಟಿ ಹಿಂದಕ್ಕೆ ಬರುತ್ತದೆ, ಚೀಟಿ ಬಂದರಷ್ಟೇ ಹಿಂದಿನವನು ತಯಾರಿಸುತ್ತಾನೆ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಖಾಲಿಯಾದಷ್ಟೇ ಮತ್ತೆ ತುಂಬುವುದನ್ನು ಗಮನಿಸಿ ಅವರು ಇದನ್ನು ರೂಪಿಸಿದರು. ಕಂಪ್ಯೂಟರ್ ಬಂದದ್ದು ಆಮೇಲೆ.

ಕಾರ್ಡ್ ರೂಢಿಯಾದ ಮೇಲೆ ವಸ್ತುಗಳ ಪಟ್ಟಿ ತೊಳೆಯಿರಿ. ನಿಮ್ಮ ಇಆರ್‌ಪಿಯಲ್ಲಿ ‘ಬೋಲ್ಟ್ 6’, ‘ಎಂ6 ಬೋಲ್ಟ್’, ‘ಹೆಕ್ಸ್ ಬೋಲ್ಟ್ 6 ಎಂಎಂ’ ಎಂದು ಒಂದೇ ಬೋಲ್ಟ್ ಮೂರು ಹೆಸರಿನಲ್ಲಿ ಕುಳಿತಿರುತ್ತದೆ, ಪಂಥ ಕಟ್ಟುತ್ತೇನೆ. ಖರೀದಿಯವನು ಒಂದರಲ್ಲಿ ಜಮಾ ಮಾಡುತ್ತಾನೆ, ಸ್ಟೋರ್‌ನವನು ಇನ್ನೊಂದರಲ್ಲಿ ಖರ್ಚು ಹಾಕುತ್ತಾನೆ. ಎತ್ತು ಏರಿಗೆ, ಕೋಣ ನೀರಿಗೆ. ಪಟ್ಟಿ ಚೊಕ್ಕಟವಾದ ಮೇಲೆ ಒಂದು ಭಾನುವಾರ ಕಾರ್ಖಾನೆ ನಿಲ್ಲಿಸಿ ಎಲ್ಲವನ್ನೂ ಎಣಿಸಿ, ಆ ಸಂಖ್ಯೆಯಿಂದಲೇ ಇಆರ್‌ಪಿಯನ್ನು ಮರಳಿ ಶುರು ಮಾಡಿ. ಅದೂ ಸ್ಟೋರ್ ಮತ್ತು ಖರೀದಿ ಮಾತ್ರ. ಉತ್ಪಾದನಾ ಯೋಜನೆ, ಹಾಜರಿ, ನಿರ್ವಹಣೆ ಎಂಬ ಉಳಿದ ಕಿಟಕಿಗಳನ್ನು ಈ ವರ್ಷ ಮುಚ್ಚಿಡಿ. ಸಂಜೆ ಐದಕ್ಕೆ ಮುಗಿದ ಕಾರ್ಡುಗಳನ್ನು ಒಬ್ಬರೇ ತುಂಬಲಿ. ಆ ಮೇಲೆ ವರ್ಷಕ್ಕೊಮ್ಮೆ ಎಣಿಸುವ ಬದಲು ದಿನಾ ಬೆಳಿಗ್ಗೆ ಏಳೆಂಟು ವಸ್ತುಗಳನ್ನು ಎಣಿಸಿ. ದುಬಾರಿ ವಸ್ತುಗಳ ಸರದಿ ತಿಂಗಳಿಗೊಮ್ಮೆ ಬರಲಿ, ವಾಷರ್–ಸ್ಪ್ಲಿಟ್ ಪಿನ್‌ಗಳದು ವರ್ಷಕ್ಕೊಮ್ಮೆ ಬಂದರೂ ಸಾಕು.

ಕಡೆಯದಾಗಿ ಆ ಕಾರಿನ ಡಿಕ್ಕಿ. ತುರ್ತಿಗೆ ತುಂಡು ಒಯ್ಯುವುದು ತಪ್ಪಲ್ಲ. ನೀವೂ ಕಾರ್ಡಿನ ಮೇಲೆ ಸಹಿ ಹಾಕಿ ಒಯ್ಯಬೇಕು. ಯಜಮಾನರು ಬರೆಯದೆ ಒಯ್ದ ಮಾರನೆಯ ದಿನ ಸೂಪರ್‌ವೈಸರ್ ಬರೆಯುವುದಿಲ್ಲ, ಆ ವಾರದ ಕೊನೆಗೆ ಯಾರೂ ಬರೆಯುವುದಿಲ್ಲ.

ಪ್ರಶ್ನೆ: 22 ವರ್ಷಗಳಿಂದ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದೇನೆ. ಗಲ್ಲಾಪೆಟ್ಟಿಗೆ ಬಿಟ್ಟು ಏಳುವಂತಿಲ್ಲ. ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿ ಹತ್ತು ದಿನ ಇದ್ದು ಬಂದೆ. ವ್ಯಾಪಾರ ಎಂದಿನಂತೆಯೇ ಇತ್ತು ಎಂದು ಎಲ್ಲರೂ ಹೇಳುತ್ತಾರೆ, ದುಡ್ಡು ಮಾತ್ರ ಐದನೇ ಒಂದು ಭಾಗ ಕಡಿಮೆ. ಯಾರನ್ನು ನಂಬಲಿ? — ದಾವಣಗೆರೆ

ಉತ್ತರ: ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕ ಹಿಡಿದು ನಿಲ್ಲಿಸುವ ಏರ್ಪಾಡು ಇದ್ದರೆ ನಂಬುವ, ಶಂಕಿಸುವ ಪ್ರಶ್ನೆಯೇ ಅಷ್ಟಾಗಿ ಏಳುವುದಿಲ್ಲ. ಬೆಂಗಳೂರಿನ ದರ್ಶಿನಿಗಳನ್ನು ನೋಡಿ. ನಿಂತು ತಿನ್ನುವುದರಿಂದ ಜಾಗ ಉಳಿಯಿತು, ಮಾಣಿಗಳ ಸಂಬಳ ಉಳಿಯಿತು ಎಂದಷ್ಟೇ ಜನ ಹೇಳುತ್ತಾರೆ. ವೆಚ್ಚದ ಲೆಕ್ಕದವಳಾದ ನನ್ನ ಕಣ್ಣಿಗೆ ಬೀಳುವುದು ಅಲ್ಲಿನ ಟೋಕನ್. ಗಿರಾಕಿ ಮೊದಲು ದುಡ್ಡು ಕೊಡುತ್ತಾನೆ, ಚೀಟಿ ಪಡೆಯುತ್ತಾನೆ. ದೋಸೆ ಕೊಡುವವನು ಆ ಚೀಟಿಯನ್ನು ಮೊಳೆಗೆ ಚುಚ್ಚುತ್ತಾನೆ. ರಾತ್ರಿ ಗಲ್ಲಾಪೆಟ್ಟಿಗೆಯ ಮೊತ್ತವೂ ಮೊಳೆಯ ಚೀಟಿಗಳ ಮೊತ್ತವೂ ಒಂದೇ ಆಗಬೇಕು. ದುಡ್ಡು ಮುಟ್ಟುವವನು ದೋಸೆ ಮುಟ್ಟುವುದಿಲ್ಲ, ದೋಸೆ ಕೊಡುವವನು ದುಡ್ಡು ಮುಟ್ಟುವುದಿಲ್ಲ. ನಿಮ್ಮಲ್ಲಿ ಕುಳಿತು ಊಟ ಮಾಡುವವರಿದ್ದಾರೆ ಎನ್ನಿ, ಆಗ ಕ್ರಮಸಂಖ್ಯೆ ಮುದ್ರಿಸಿದ ಎರಡು ಪ್ರತಿಯ ಬಿಲ್ ಪುಸ್ತಕ ಸಾಕು. ಒಂದು ಪ್ರತಿ ಅಡುಗೆಮನೆಗೆ ಹೋಗದೆ ತಟ್ಟೆ ಹೊರಬರಬಾರದು. ನಡುವೆ ಒಂದು ಸಂಖ್ಯೆ ಕಾಣೆಯಾದರೆ ಅದೇ ರಾತ್ರಿ ಕೇಳಬೇಕು. ಮೂರು ದಿನ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ನೆನಪಿದ್ದವರೂ ಹೇಳುವುದಿಲ್ಲ.

ಎರಡನೆಯ ಹಿಡಿತ ಅಡುಗೆಮನೆಯದು. ಒಂದು ಬೆಳಿಗ್ಗೆ ನೀವೇ ನಿಂತು, ಇಷ್ಟು ಕಿಲೋ ಅಕ್ಕಿ, ಇಷ್ಟು ಕಿಲೋ ಉದ್ದಿನಬೇಳೆಗೆ ನಿಮ್ಮ ತಟ್ಟೆಯ ಅಳತೆಯಲ್ಲಿ ಎಷ್ಟು ಇಡ್ಲಿ ಬಂದವು ಎಂದು ಎಣಿಸಿ ಗೋಡೆಗೆ ಬರೆಯಿರಿ. ಉದ್ದು ಹಳೆಯದಾದರೆ ಹಿಟ್ಟು ಅಷ್ಟು ಉಬ್ಬುವುದಿಲ್ಲ. ಆದ್ದರಿಂದ ಬೇಳೆಯ ಮೂಟೆ ಬದಲಾದಾಗ ಮತ್ತೆ ಎಣಿಸಿ. ಒಂದು ಲೀಟರ್ ಹಾಲಿಗೆ ಎಷ್ಟು ಕಾಫಿ ಎಂಬುದನ್ನೂ ಹೀಗೆಯೇ ಕಟ್ಟಿ. ಆಮೇಲೆ ಪುಣೆಯಲ್ಲಿ ಕುಳಿತೇ ನೀವು ಕೇಳಬಹುದು: ಇಂದು ಉಗ್ರಾಣದಿಂದ ಹೊರಟ ಅಕ್ಕಿಗೆ 900 ಇಡ್ಲಿ ಆಗಬೇಕಿತ್ತು, 740ಕ್ಕೆ ಬಿಲ್ ಆಗಿದೆ, ಉಳಿದವು ಎಲ್ಲಿ? ಇದು ಒಂದು ಫೋನ್ ಕರೆಯ ಕೆಲಸ.

ಮೂರನೆಯದು ಕ್ಯುಆರ್ ಕೋಡ್. ಹೋಟೆಲಿನಲ್ಲಿ ಅಂಟಿಸಿರುವ ಒಂದೊಂದು ಚೀಟಿಯೂ ನಿಮ್ಮ ಖಾತೆಯದ್ದೇ ಎಂದು ಈಗಲೇ ಎದ್ದು ಹೋಗಿ ಒಂದೊಂದು ರೂಪಾಯಿ ಕಳಿಸಿ ನೋಡಿ. ಐದನೇ ಒಂದು ಭಾಗ ಎಂದಾಗ ನನಗೆ ಮೊದಲು ಹೊಳೆದದ್ದೇ ಅದು.

ಇಷ್ಟಾದ ಮೇಲೂ ಜನ ನಿಮಗೆ ಫೋನ್ ಮಾಡುತ್ತಲೇ ಇರುತ್ತಾರೆ. ಹದಿನೈದು ದಿನ ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾರು ಏನು ಕೇಳಿದರೂ ಕೇಳಿದ ಪ್ರಶ್ನೆಯನ್ನಷ್ಟೇ ಬರೆಯಿರಿ. ಸಿಲಿಂಡರ್ ತರಿಸಲೇ, ತರಕಾರಿ ದುಬಾರಿಯಿದೆ ಬದಲಿಗೆ ಏನು ಮಾಡಲಿ, ಗ್ರೈಂಡರ್ ನಿಂತಿದೆ ಮೆಕ್ಯಾನಿಕ್‌ನನ್ನು ಕರೆಯಲೇ, ಇವನಿಗೆ ಮುಂಗಡ ಕೊಡಲೇ. ಪುಟ ತಿರುವಿದರೆ ಅವೇ ಏಳೆಂಟು ಪ್ರಶ್ನೆಗಳು ವೇಷ ಬದಲಿಸಿ ಬಂದಿರುತ್ತವೆ. ಪ್ರತಿಯೊಂದಕ್ಕೂ ಇಷ್ಟು ರೂಪಾಯಿಯವರೆಗೆ ಮ್ಯಾನೇಜರ್ ನಿರ್ಧಾರ, ಅದಕ್ಕೆ ಮೇಲ್ಪಟ್ಟು ನನ್ನನ್ನು ಕೇಳಿ ಎಂದು ಬರೆದುಕೊಡಿ. ಬರೆದುಕೊಟ್ಟ ಮೇಲೆ ಅವರು ತೆಗೆದುಕೊಂಡ ನಿರ್ಧಾರ ನಿಮಗೆ ಹಿಡಿಸದಿದ್ದರೂ ಎಲ್ಲರೆದುರು ಬಯ್ಯಬೇಡಿ. ಬೈದರೆ ಮರುದಿನದಿಂದ ಉಪ್ಪಿಗೂ ಫೋನ್ ಬರುತ್ತದೆ.

ಪ್ರಶ್ನೆ: ನಮ್ಮ ಮುದ್ರಣಾಲಯದ ಎಲ್ಲ ಆರ್ಡರ್, ಎಲ್ಲ ಸೂಚನೆ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತದೆ. ಬೇರೆ ವ್ಯವಸ್ಥೆ ಏಕೆ ಬೇಕು? — ಶಿವಮೊಗ್ಗ

ಉತ್ತರ: ಕಳೆದ ಗುರುವಾರ ಬಂದ ಲಗ್ನಪತ್ರಿಕೆಯ ಆರ್ಡರಿನಲ್ಲಿ ಮುಹೂರ್ತದ ತಿದ್ದುಪಡಿ ಯಾವುದು ಕೊನೆಯದು ಎಂದು ಆ ಗುಂಪಿನಲ್ಲಿ ಹುಡುಕಿ ನೋಡಿ. ಶುಭೋದಯದ ಗುಲಾಬಿ, ಯಾರದೋ ಹುಟ್ಟುಹಬ್ಬ, ನಲವತ್ತು ನಮಸ್ಕಾರ ದಾಟಿ ಅಲ್ಲಿಗೆ ತಲುಪಬೇಕು. ಸುದ್ದಿ ಕಳಿಸಲು ಗುಂಪು ಇರಲಿ. ಆರ್ಡರ್ ಮಾತ್ರ ಒಂದು ಸಂಖ್ಯೆ ಪಡೆದು ಒಂದು ಪುಸ್ತಕದಲ್ಲಿ ಕೂರಲಿ, ಕೊನೆಯ ಪ್ರೂಫಿನ ಮೇಲೆ ಗಿರಾಕಿಯ ಸಹಿ ಬೀಳಲಿ. ತಪ್ಪಾದ ಸಾವಿರ ಪತ್ರಿಕೆಯ ಖರ್ಚು ಯಾರದು ಎಂಬ ಪ್ರಶ್ನೆ ಬಂದ ದಿನ ನೀಲಿ ಟಿಕ್ ಗುರುತಿಗಿಂತ ಆ ಸಹಿ ಬಾಳುತ್ತದೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ 16 ಹೆಂಗಸರು ಖಡಕ್ ಜೋಳದ ರೊಟ್ಟಿ ಮಾಡಿ ಬೆಂಗಳೂರಿಗೆ ಕಳಿಸುತ್ತೇವೆ. ದಿನಕ್ಕೆ 30 ಕಿಲೋ ಹಿಟ್ಟು. ಕಿಲೋ ಹಿಟ್ಟಿಗೆ 50 ರೂಪಾಯಿ, ಅದರಲ್ಲಿ 22 ರೊಟ್ಟಿ ಆಗುತ್ತವೆ. ರೊಟ್ಟಿಗೆ 3 ರೂಪಾಯಿ ಕೂಲಿ. ಕಿಲೋಗೆ ಗ್ಯಾಸ್ 12, ಪ್ಯಾಕಿಂಗ್ 8 ರೂಪಾಯಿ ಬೀಳುತ್ತದೆ. ರೊಟ್ಟಿಗೆ 6 ರೂಪಾಯಿಯಂತೆ ಮಾರುತ್ತೇವೆ. ಬೇಡಿಕೆ ಚೆನ್ನಾಗಿದೆ, ಆದರೆ ಕೂಲಿ ಮೂರು ತಿಂಗಳಿಂದ ಬಾಕಿ ಇದೆ, ಎಣಿಕೆಯಲ್ಲಿ ದಿನಾ ಜಗಳ. — ಕಲಬುರಗಿ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಪತ್ರದಲ್ಲೇ ಲೆಕ್ಕವೆಲ್ಲ ಇದೆ, ಕೂಡಿಸುವುದೊಂದೇ ಬಾಕಿ. ಹಿಟ್ಟು 50, ಕೂಲಿ 66, ಗ್ಯಾಸ್ 12, ಪ್ಯಾಕಿಂಗ್ 8. ಒಂದು ಕಿಲೋಗೆ 136 ರೂಪಾಯಿ ಖರ್ಚು. 22 ರೊಟ್ಟಿಯೂ ಮಾರಿದರೆ 132 ರೂಪಾಯಿ ಬರುತ್ತದೆ, ಅಂದರೆ ಅಲ್ಲೇ 4 ರೂಪಾಯಿ ತೂತು. ಖಡಕ್ ರೊಟ್ಟಿ ಮುರಿಯದೆ ಇರುತ್ತದೆಯೇ? ಎರಡೇ ಮುರಿದವು ಎನ್ನಿ. ಕೈಗೆ ಬರುವುದು 120. ಕಿಲೋಗೆ 16, ದಿನಕ್ಕೆ 480 ರೂಪಾಯಿ ಹೋಗುತ್ತಿದೆ. ಲಾರಿಯ ಬಾಡಿಗೆಯನ್ನು ನೀವು ಬರೆದೇ ಇಲ್ಲ. ಹಿಟ್ಟಿನವನು, ಗ್ಯಾಸಿನವನು ಬಾಕಿ ಬಿಡುವುದಿಲ್ಲ. ಆದ್ದರಿಂದ ನಷ್ಟವೆಲ್ಲ ಹೆಂಗಸರ ಕೂಲಿಯ ಮೇಲೆ ಬಂದು ಕುಳಿತಿದೆ. ಬೇಡಿಕೆ ಹೆಚ್ಚಿದಷ್ಟೂ ಬಾಕಿ ಹೆಚ್ಚುತ್ತದೆ. ಈಗಿನ ಖರ್ಚಿಗೇ ರೊಟ್ಟಿಗೆ 6 ರೂಪಾಯಿ 80 ಪೈಸೆ ಬೀಳುತ್ತಿದೆ. ಸಾಗಣೆ ಸೇರಿಸಿ, ಸಂಘಕ್ಕೆ ಒಂದಿಷ್ಟು ಉಳಿಸಿ 8 ರೂಪಾಯಿಗೆ ಕಡಿಮೆ ಕೊಡಬೇಡಿ. ಒಂದಿಬ್ಬರು ಅಂಗಡಿಯವರು ಬಿಟ್ಟುಹೋದರೆ ಹೋಗಲಿ. ನಿಮ್ಮ ಕೂಲಿಯಲ್ಲಿ ಅವರ ಗಿರಾಕಿಗಳಿಗೆ ರಿಯಾಯಿತಿ ಕೊಡುವ ಹರಕೆಯನ್ನು ನೀವು ಹೊತ್ತಿಲ್ಲ.

ಇನ್ನು ಎಣಿಕೆಯ ಜಗಳ. ನಿಮ್ಮೂರಿನಲ್ಲಿ ಅಥವಾ ಪಕ್ಕದೂರಿನಲ್ಲಿ ಹಾಲಿನ ಡೇರಿ ಇದ್ದರೆ ಬೆಳಿಗ್ಗೆ ಹೋಗಿ ನಿಲ್ಲಿ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಡೇರಿ ಯೋಜನೆ ಗುಜರಾತಿನ ಆಣಂದದ ಹಾಲು ಸಹಕಾರ ಸಂಘಗಳ ಮಾದರಿಯಲ್ಲಿ ಹಳ್ಳಿಗೊಂದು ಸಂಘ, ಅದರ ಮೇಲೆ ಒಕ್ಕೂಟ, ಎಲ್ಲಕ್ಕೂ ಮೇಲೆ ಮಹಾಮಂಡಳ ಎಂದು ಕಟ್ಟಿಕೊಂಡಿತು. ನಂದಿನಿ ಹಾಲು ಬರುವುದು ಆ ದಾರಿಯಲ್ಲೇ. ಅದು ಇಷ್ಟು ವರ್ಷ ನಿಂತಿರುವುದರ ಗುಟ್ಟು ದೊಡ್ಡ ಕಟ್ಟಡಗಳಲ್ಲಿ ಇಲ್ಲ, ಹಳ್ಳಿಯ ಆ ಚಿಕ್ಕ ಕೋಣೆಯ ಕಟ್ಟೆಯ ಮೇಲಿದೆ. ಹಾಲು ತಂದವಳ ಕಣ್ಣೆದುರೇ ಅಳೆಯುತ್ತಾರೆ, ಕಣ್ಣೆದುರೇ ಕೊಬ್ಬಿನ ಅಂಶ ನೋಡುತ್ತಾರೆ, ಸಂಘದ ಪುಸ್ತಕದಲ್ಲೂ ಅವಳ ಕೈಪುಸ್ತಕದಲ್ಲೂ ಅದೇ ಸಂಖ್ಯೆ ಬರೆಯುತ್ತಾರೆ. ಓದು ಬರದವಳೂ ಮನೆಗೆ ಹೋಗಿ ಮಗನಿಂದ ಓದಿಸಿ ನೋಡಬಲ್ಲಳು.

ನೀವೂ ಹಾಗೆಯೇ 16 ಸಣ್ಣ ಪುಸ್ತಕ ಕೊಡಿಸಿ. ಬೆಳಿಗ್ಗೆ ಹಿಟ್ಟು ತೂಗಿ ಕೊಟ್ಟಾಗ ಒಂದು ಸಾಲು, ಸಂಜೆ ರೊಟ್ಟಿ ಎಣಿಸಿ ಪಡೆದಾಗ ಒಂದು ಸಾಲು, ಎರಡೂ ಕಡೆ ಒಂದೇ ಅಂಕಿ. ಹಂಚಿನ ಮೇಲೆ ಮುರಿದದ್ದು, ಕಟ್ಟುವಾಗ ಮುರಿದದ್ದು, ಬೆಂಗಳೂರಿಗೆ ತಲುಪುವಾಗ ಮುರಿದದ್ದು ಬೇರೆ ಬೇರೆ ಬರೆಯಿರಿ. ಮೊದಲನೆಯದಕ್ಕೆ ಹಿಟ್ಟಿನ ಹದ ನೋಡಬೇಕು, ಎರಡನೆಯದಕ್ಕೆ ಕೈ, ಮೂರನೆಯದಕ್ಕೆ ರಟ್ಟಿನ ಪೆಟ್ಟಿಗೆ. ಮುರಿದ ರೊಟ್ಟಿಯನ್ನು ಯಾರಾದರೂ ಮನೆಗೆ ಒಯ್ದರೆ ಒಯ್ಯಲಿ, ಬರೆದು ಒಯ್ಯಲಿ. ಲೆಕ್ಕ ಬರೆಯುವ ಕೆಲಸ ಒಬ್ಬಳದೇ ಆಗಿರಬಾರದು. ತಿಂಗಳಿಗೊಬ್ಬಳಂತೆ ಸರದಿ ಬದಲಾದರೆ ಜಗಳದ ಅರ್ಧ ಕಾರಣ ತಾನೇ ಹೋಗುತ್ತದೆ. ಕೂಲಿ ವಾರಕ್ಕೊಮ್ಮೆ ಕೊಡಿ. ಹಳೆಯ ಬಾಕಿಯನ್ನು ಹೊಸ ಲೆಕ್ಕದಲ್ಲಿ ಬೆರೆಸದೆ ಬೇರೆ ಪುಟದಲ್ಲಿ ಬರೆದು, ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ತೀರಿಸಿ.

ಪ್ರಶ್ನೆ: ನಾವು ಸಿಎನ್‌ಸಿ ಜಾಬ್‌ವರ್ಕ್ ಮಾಡುತ್ತೇವೆ, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಬೇರೆ ಕಂಪನಿಗಳಿಗೆ ಬಿಡಿಭಾಗ ಕಡೆದುಕೊಡುತ್ತೇವೆ. ದೊಡ್ಡ ಕಂಪನಿಯೊಂದು ನಾಲ್ಕು ತಿಂಗಳಾದರೂ ದುಡ್ಡು ಕೊಡುವುದಿಲ್ಲ. 45 ದಿನದ ಕಾನೂನು ಇದೆಯಂತೆ, ಅದರಿಂದ ನಿಜವಾಗಿ ಉಪಯೋಗ ಇದೆಯೇ? — ಪೀಣ್ಯ, ಬೆಂಗಳೂರು

ಉತ್ತರ: ಇದೆ, ಆದರೆ ನಿಮ್ಮ ಕಾಗದಪತ್ರ ಗಟ್ಟಿಯಿದ್ದರೆ ಮಾತ್ರ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸರ್ಕಾರದ ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ಖರೀದಿ ಆದೇಶದಲ್ಲಿ 120 ದಿನ ಎಂದು ಅಚ್ಚು ಹಾಕಿಸಿದ್ದರೂ ಅದು ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ.

ದಿನ ಎಣಿಸಲು ಶುರು ಮಾಡುವುದು ಎಲ್ಲಿಂದ ಎಂಬುದೇ ಇಲ್ಲಿನ ಕೀಲಿ. ನಿಮ್ಮ ಇನ್‌ವಾಯ್ಸ್ ದಿನಾಂಕದಿಂದ ಅಲ್ಲ, ಅವರು ಮಾಲು ಒಪ್ಪಿಕೊಂಡ ದಿನದಿಂದ. ತಲುಪಿಸಿದ 15 ದಿನದೊಳಗೆ ಅವರು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ತಲುಪಿಸಿದ ದಿನವೇ ಒಪ್ಪಿದ ದಿನ. ಹಾಗಿದ್ದರೆ ತಲುಪಿಸಿದ್ದಕ್ಕೆ ಸಾಕ್ಷಿ ಏನು? ಕಂಪನಿಯ ಗೇಟಿನಲ್ಲಿ ಚಲನ್ ಮೇಲೆ ಬೀಳುವ ದಿನಾಂಕದ ಮೊಹರು. ಪೀಣ್ಯದ ಎಷ್ಟೋ ಘಟಕಗಳಲ್ಲಿ ಆ ಮೊಹರಿನ ಪ್ರತಿ ಟೆಂಪೊ ಚಾಲಕನ ಸನ್ ವೈಸರ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ದಿನಾ ಸಂಜೆ ವಸೂಲು ಮಾಡಿ ಇನ್‌ವಾಯ್ಸ್ ಬೆನ್ನಿಗೆ ಪಿನ್ ಮಾಡಿಸಿ. ಮೊಹರಿನ ಪ್ರತಿ ತರದ ಟ್ರಿಪ್‌ನ ಬಾಡಿಗೆ ತಡೆಹಿಡಿಯುತ್ತೇನೆಂದು ಹೇಳಿ ನೋಡಿ, ಎಲ್ಲವೂ ಬರುತ್ತವೆ.

2023–24ರ ಹಣಕಾಸು ವರ್ಷದ ಲೆಕ್ಕದಿಂದ ಇನ್ನೊಂದು ಹಿಡಿತವೂ ಬಂದಿದೆ. ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರರು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಎಂದು ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಆದ್ದರಿಂದ ಮಾರ್ಚ್ ತಿಂಗಳಲ್ಲಿ ನಿಮ್ಮ ಫೋನಿಗೆ ಅವರ ಅಕೌಂಟ್ಸ್ ವಿಭಾಗ ಎಂದಿಗಿಂತ ಬೇಗ ಉತ್ತರ ಕೊಡುತ್ತದೆ. ಇನ್‌ವಾಯ್ಸ್ ಮೇಲೆ ನಿಮ್ಮ ಉದ್ಯಮ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ. ಕಂಪನಿಯ ವಹಿವಾಟು 250 ಕೋಟಿ ರೂಪಾಯಿಗಿಂತ ಹೆಚ್ಚಿದ್ದರೆ ಅದು ಬಿಲ್ಲುಗಳ ಮೇಲೆ ಹಣ ಒದಗಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಅಲ್ಲಿ ನಿಮ್ಮ ಬಿಲ್ಲನ್ನು ಅವರು ಒಪ್ಪಿದರೆ ಬ್ಯಾಂಕಿನಿಂದ ಮುಂಚಿತವಾಗಿ ಹಣ ಪಡೆಯಬಹುದು.

ದೂರು ಕೊಡುವುದು ಕೊನೆಯ ಹೆಜ್ಜೆ. ಇಂಥ ಬಾಕಿಯ ವ್ಯಾಜ್ಯಗಳನ್ನು ನೋಡುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋದರೆ ಆ ಗಿರಾಕಿ ಬಹುಮಟ್ಟಿಗೆ ಹೋದಂತೆಯೇ. ಮೊದಲು ತಿಂಗಳಿಗೊಮ್ಮೆ ಬಾಕಿಯ ಪಟ್ಟಿಯನ್ನು ಬಡ್ಡಿ ಹಾಕಿ, ವಿನಯದಿಂದ, ಅವರ ಹಣಕಾಸು ಮುಖ್ಯಸ್ಥರಿಗೇ ಕಳಿಸುತ್ತಿರಿ. ಒಬ್ಬರೇ ಗಿರಾಕಿಯಿಂದ ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಇದ್ದರೆ ನಿಮ್ಮ ನಿಜವಾದ ಸಮಸ್ಯೆ ಅಲ್ಲಿದೆ, ಅದಕ್ಕೆ ಯಾವ ಕಾಯ್ದೆಯೂ ಔಷಧವಲ್ಲ.

ಪ್ರಶ್ನೆ: ಹದಿನೈದು ದಿನದಲ್ಲಿ ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಪ್ರಮಾಣಪತ್ರ, ಎಲ್ಲ ದಾಖಲೆ ನಾವೇ ಬರೆದುಕೊಡುತ್ತೇವೆ ಎಂದು ಒಬ್ಬ ಸಲಹೆಗಾರರು ಬಂದಿದ್ದಾರೆ. ಒಪ್ಪಲೇ? — ಮೈಸೂರು

ಉತ್ತರ: ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದಷ್ಟೇ ಉದ್ದೇಶವಾದರೆ ಅದಕ್ಕಿಂತ ಅಗ್ಗಕ್ಕೆ ಒಳ್ಳೆಯ ಮೈಸೂರು ಶೈಲಿಯ ಚಿತ್ರ ಸಿಗುತ್ತದೆ.

ಜಿನೀವಾದಲ್ಲಿರುವ ಐಎಸ್‌ಒ ಸಂಸ್ಥೆ ಮಾನದಂಡ ಬರೆಯುತ್ತದೆ, ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವರು ಬೇರೆ ಸಂಸ್ಥೆಗಳು. ಅವರಿಗೆ ಭಾರತದಲ್ಲಿ ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಸಿಬಿ ಅಥವಾ ಅದಕ್ಕೆ ಸಮನಾದ ವಿದೇಶಿ ಮಂಡಳಿಯ ಮಾನ್ಯತೆ ಇದೆಯೇ ಎಂದು ನೋಡಿ. ಸಲಹೆ ಕೊಟ್ಟವರೇ ಪ್ರಮಾಣಪತ್ರವನ್ನೂ ಕೊಡುತ್ತೇವೆ ಎಂದರೆ ಅಲ್ಲೇ ಬಾಗಿಲು ತೋರಿಸಿ, ನಿಯಮ ಅದಕ್ಕೆ ಒಪ್ಪುವುದಿಲ್ಲ. ಬರೆದುಕೊಡುತ್ತೇವೆ ಎನ್ನುವ ದಪ್ಪ ಕ್ವಾಲಿಟಿ ಮ್ಯಾನ್ಯುಯಲ್ ಕೂಡ 2015ರ ಆವೃತ್ತಿಯಲ್ಲಿ ಕಡ್ಡಾಯವಲ್ಲ. ಅದು ಕೇಳುವುದು ನೀವು ನಿಜವಾಗಿ ಮಾಡುವ ಕೆಲಸದ ದಾಖಲೆ, ಆಂತರಿಕ ಆಡಿಟ್, ಮಾಲೀಕರೇ ಕುಳಿತು ಮಾಡುವ ಪರಿಶೀಲನೆ. ಮೂರು ತಿಂಗಳ ದಾಖಲೆಯಾದರೂ ಇರದೆ ಆಡಿಟರ್ ಏನನ್ನು ಪರಿಶೀಲಿಸುತ್ತಾರೆ? ನಿಮ್ಮ ಗಿರಾಕಿಗಳು ಕೇಳಿದ್ದರೆ ಮಾಡಿಸಿ, ಅರ್ಧ ವರ್ಷದ ಸಮಯ ಇಟ್ಟುಕೊಂಡು ಮಾಡಿಸಿ. ಯಾರೂ ಕೇಳಿಲ್ಲವಾದರೆ ಆ ದುಡ್ಡಿನಲ್ಲಿ ಒಳ್ಳೆಯ ಅಳತೆಗೇಜುಗಳನ್ನು ಕೊಂಡು, ಇರುವವನ್ನು ಕ್ಯಾಲಿಬ್ರೇಶನ್ (ಸರಿಯಾಗಿ ಅಳೆಯುತ್ತವೆಯೇ ಎಂಬ ಪರೀಕ್ಷೆ) ಮಾಡಿಸಿ.

ಪ್ರಶ್ನೆ: ಬೀಜ–ಗೊಬ್ಬರದ ಅಂಗಡಿ. ಅಪ್ಪ ನೂರಾರು ರೈತರ ಉದ್ರಿಯನ್ನು ತಲೆಯಲ್ಲೇ ಇಟ್ಟುಕೊಂಡಿದ್ದಾರೆ. ಕಂಪ್ಯೂಟರಿಗೆ ಹಾಕೋಣ ಎಂದರೆ ನನ್ನ ಮೇಲೆ ನಂಬಿಕೆ ಇಲ್ಲವೇ ಎನ್ನುತ್ತಾರೆ. ನಾನು 30, 60, 90 ದಿನದ ಬಾಕಿಯ ಪಟ್ಟಿ ಮಾಡಬೇಕೆಂದಿದ್ದೇನೆ. — ರಾಣೆಬೆನ್ನೂರು

ಉತ್ತರ: ಪಟ್ಟಿ ಬೇಕು, ಆದರೆ 30–60–90 ನಿಮ್ಮ ಅಂಗಡಿಗೆ ಹೊಂದುವುದಿಲ್ಲ. ಮೆಣಸಿನಕಾಯಿ ಬೆಳೆಗಾರನ ಕೈಗೆ ದುಡ್ಡು ಬರುವುದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮಾಲು ಮಾರಿದ ಮೇಲೆ. ಮುಂಗಾರಿನ ಮೆಕ್ಕೆಜೋಳದವನಿಗೆ ಅದಕ್ಕಿಂತ ಮುಂಚೆಯೇ ಬರುತ್ತದೆ. ಜೂನ್‌ನಲ್ಲಿ ಬೀಜ ಒಯ್ದ ಇಬ್ಬರ ಬಾಕಿಯೂ ಸೆಪ್ಟೆಂಬರ್‌ನಲ್ಲಿ ನಿಮ್ಮ ಪಟ್ಟಿಯ ಪ್ರಕಾರ ‘ಕೆಟ್ಟ ಸಾಲ’. ನಿಮ್ಮ ಅಪ್ಪನಿಗೆ ಇದು ಗೊತ್ತು. ಯಾರ ಬಾವಿ ಬತ್ತಿದೆ, ಯಾರು ಈ ಸಲ ಗೋವಿನಜೋಳ ಬಿಟ್ಟು ಹತ್ತಿ ಹಾಕಿದ್ದಾರೆ, ಯಾರು ಹೇಳಿದ ದಿನಕ್ಕೆ ಕೊಡದಿದ್ದರೂ ಮುಳುಗಿಸುವವರಲ್ಲ ಎಂಬುದೂ ಗೊತ್ತು. ನೀವು ಕಂಪ್ಯೂಟರಿಗೆ ಹಾಕಬೇಕಾದದ್ದು ಈ ತಿಳಿವಳಿಕೆಯನ್ನು.

ದಿನಕ್ಕೆ ಅರ್ಧ ಗಂಟೆ, ಅಂಗಡಿ ತೆರೆಯುವ ಮುಂಚೆ, ಹತ್ತು ಹತ್ತು ಹೆಸರು ಹಿಡಿದು ಅವರ ಪಕ್ಕದಲ್ಲಿ ಕುಳಿತು ಬರೆಯಿರಿ: ಊರು, ಬೆಳೆ, ಬಾಕಿ, ಯಾವ ಬೆಳೆ ಮಾರಿದಾಗ ಕೊಡುತ್ತಾನೆ, ಹೆಚ್ಚೆಂದರೆ ಎಷ್ಟು ಉದ್ರಿ ಕೊಡಬಹುದು. ಆ ಕೊನೆಯ ಅಂಕಿಯನ್ನು ಅವರೇ ಹೇಳಲಿ. ಹೇಳಿದ ಮೇಲೆ ಅದನ್ನು ಮೀರಿ ಕೊಡಬೇಕಾದರೆ ಅವರೂ ನಿಮ್ಮನ್ನು ಒಂದು ಮಾತು ಕೇಳುವಂತೆ ಒಪ್ಪಿಸಿಕೊಳ್ಳಿ. ನೀವೂ ಅವರನ್ನು ಕೇಳಬೇಕು. ವ್ಯಾಪಾರ ಮಾಡಿದ ರೈತನಿಗೂ ಪ್ರತಿ ಸಲ ಚಿಕ್ಕ ಚೀಟಿಯಲ್ಲಿ ಒಟ್ಟು ಬಾಕಿ ಬರೆದು ಕೊಡಿ, ಇಲ್ಲದಿದ್ದರೆ ವಸೂಲಿಗೆ ಹೋದ ದಿನ ಅವನ ಅಂಕಿ ಬೇರೆ, ನಿಮ್ಮ ಅಂಕಿ ಬೇರೆ ಆಗಿರುತ್ತದೆ. ಮೇ ಮುಗಿಯುವುದರೊಳಗೆ ಎಲ್ಲ ಹೆಸರು ಬರೆದಾಗಬೇಕು. ಮೊದಲ ಮಳೆ ಬಿದ್ದ ಮೇಲೆ ಇಬ್ಬರಿಗೂ ಊಟಕ್ಕೂ ಬಿಡುವಿರುವುದಿಲ್ಲ.